ಕೈ ಎತ್ತಿ ನೋಡು

ಮದುವೆಯಾಗಿ ಧಾರವಾಡದಿಂದ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದಾಗ, 1993ರಲ್ಲಿ, ನನ್ನ ಟ್ರಂಕಿನಲ್ಲಿ ಹನ್ನೊಂದು ಸೀರೆಗಳಿದ್ದವು. ಎರಡು ಇಳಕಲ್. ಅದರಲ್ಲಿ ಒಂದಕ್ಕೆ ಅವ್ವ ತಾನೇ ಕೂತು ಕಸೂತಿ ಹಾಕಿದ್ದಳು. ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವ ಹಾಗಿಲ್ಲ. ಗವಂತಿ, ಮುರಗಿ ಹೊಲಿಗೆಗಳಲ್ಲಿ ಮೇಲ್ಮಗ್ಗುಲು ಹೇಗೋ ಒಳಮಗ್ಗುಲೂ ಹಾಗೇ ಕಾಣಬೇಕು. ಅದೇ ಅಭ್ಯಾಸದಿಂದ ಅವ್ವ ಯಾವ ಬಟ್ಟೆ ಕೈಗೆ ಬಂದರೂ ಮೊದಲು ತಿರುವಿ ಹಾಕುತ್ತಿದ್ದಳು. ಮೇಲಿನ ಬಣ್ಣ ನೋಡುತ್ತಿದ್ದದ್ದು ಆಮೇಲೆ.

ಮುಂಬಯಿಯ ಫೋರ್ಟಿನಲ್ಲಿ ಕೆಲಸ ಸಿಕ್ಕಿತು. ಇಳಿಯುವ ಸ್ಟೇಷನ್ ಆಗಿನ್ನೂ ವಿಟಿ, ಅಂದರೆ ವಿಕ್ಟೋರಿಯಾ ಟರ್ಮಿನಸ್. ಅದಕ್ಕೆ ಛತ್ರಪತಿ ಶಿವಾಜಿಯ ಹೆಸರು ಬಂದದ್ದು 1996ರಲ್ಲಿ. ಫಾಸ್ಟ್ ಲೋಕಲ್ ಸಿಕ್ಕರೂ ಒಂದು ತಾಸಿನ ದಾರಿ. ಲೇಡೀಸ್ ಡಬ್ಬಿಯಲ್ಲಿ ಠಾಣೆ ಬರುವಷ್ಟರಲ್ಲಿ ನಿರಿಗೆಯ ಮೇಲೆ ಯಾರದೋ ಕಾಲು ಬಿದ್ದಿರುತ್ತಿತ್ತು. ಮಳೆಗಾಲದಲ್ಲಿ ಕಾಟನ್ ಸೀರೆ ಎರಡು ದಿನವಾದರೂ ಒಣಗುತ್ತಿರಲಿಲ್ಲ. ಹಾಗಾಗಿ ಮೊದಲು ಸಿಂಥೆಟಿಕ್ ಸೀರೆಗೆ ಬಂದೆ. ಮಗಳು ಹುಟ್ಟಿದ ಮೇಲೆ ಪಂಜಾಬಿ ಡ್ರೆಸ್, ಆಮೇಲೆ ಕುರ್ತಾ, ಲೆಗ್ಗಿಂಗ್ಸ್. ಒಂದೊಂದೂ ಆ ಹೊತ್ತಿನ ಅಗತ್ಯಕ್ಕೆ ಬಂದದ್ದು. ಊರಲ್ಲಿ ಕೆಲವರು ಬೇಜಾರು ಮಾಡಿಕೊಂಡರು. ಅವ್ವ ಮಾತ್ರ ಒಂದೇ ಒಂದು ಸಲವೂ 'ಸೀರಿ ಯಾಕ ಬಿಟ್ಟಿ' ಎಂದು ಕೇಳಲಿಲ್ಲ. ಈಗ ನೆನೆಸಿಕೊಂಡರೆ ಅದು ಎಷ್ಟು ದೊಡ್ಡ ಮಾತು ಅನ್ನಿಸುತ್ತದೆ.

2009ರಲ್ಲಿ ನನಗೆ ಪ್ರಮೋಷನ್ ಆಯಿತು. ಆಫೀಸಿನ ಹೊಸ ಹುಡುಗಿಯರ ಹಾಗೆ ನಾನೂ ಪ್ಯಾಂಟು, ರೆಡಿಮೇಡ್ ಟಾಪು ತಗೊಂಡೆ. ಒಳ್ಳೆ ದುಡ್ಡು ಕೊಟ್ಟಿದ್ದೆ. ಅವ್ವ ಆಗ ನಮ್ಮ ಮನೆಗೆ ಬಂದಿದ್ದಳು. ಒಂದು ಭಾನುವಾರ ಅದೇ ಬಟ್ಟೆ ಹಾಕಿಕೊಂಡು ಅವಳನ್ನು ಮಾಹಿಮಿನ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದೆ. ವಾಪಸ್ ಬರುವಾಗ ದಾದರಿನಲ್ಲಿ ಗಾಡಿ ಬದಲಿಸಬೇಕು. ಸೇತುವೆ ಮೇಲೆ ದಣಿವಾರಿಸಿಕೊಳ್ಳಲು ನಿಂತಾಗ ಅವ್ವ ಮೆಲ್ಲಗೆ ಹೇಳಿದಳು:

'ನೀ ಹನ್ನೆರಡು ಸಲ ಎಳಕೊಂಡಿ ನೋಡವಾ. ನಾ ಎಣಿಸೀನಿ.'

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ನನ್ನ ಟಾಪಿನ ಅಂಚು ಹಿಡಿದು ಕೆಳಗೆ ಎಳೆದು ತೋರಿಸಿದಳು. 'ಅರಿವಿ ಹಾಕ್ಕೊಂಡ ಮ್ಯಾಲೆ ಅದರ ನೆನಪ ಆಗಬಾರದು. ಘಳಿಗಿ ಘಳಿಗಿಗೆ ನೆನಪ ಆಗ್ತದಂದ್ರ ಅದು ನಿಂದಲ್ಲ. ಸೀರಿ ಇರ್ಲಿ, ಪ್ಯಾಂಟ ಇರ್ಲಿ.'

ಆ ರಾತ್ರಿ ನಾನು ಕಪಾಟು ತೆರೆದು ಕೂತೆ. ಮರುದಿನದಿಂದ ಒಂದು ಕೆಲಸ ಶುರು ಮಾಡಿದೆ. ಸಂಜೆ ಬಟ್ಟೆ ಬಿಚ್ಚುವಾಗ, ಇವತ್ತು ಎಷ್ಟು ಸಲ ಎಳೆದುಕೊಂಡೆ, ಎಲ್ಲಿ ಎಳೆದುಕೊಂಡೆ ಅಂತ ಸಣ್ಣ ಡೈರಿಯಲ್ಲಿ ಬರೆಯುವುದು. ಕುತ್ತಿಗೆ, ಭುಜ, ಸೊಂಟ, ಕಂಕುಳು, ಅಷ್ಟೇ. ಎರಡು ತಿಂಗಳು ಬರೆದೆ. ಮೂವತ್ತನಾಲ್ಕು ಬಟ್ಟೆಗಳಲ್ಲಿ ಎಳೆಯದೆ ದಿನ ಕಳೆದವು ಒಂಬತ್ತು ಮಾತ್ರ. ಆ ಒಂಬತ್ತರಲ್ಲಿ ಸೀರೆ ಇತ್ತು, ಕುರ್ತಾ ಇತ್ತು, ಒಂದು ಹಳೇ ಶರ್ಟೂ ಇತ್ತು. ಹೊಸದು-ಹಳೇದು, ನಮ್ಮದು-ಪರದೇಶದ್ದು ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಜಾಸ್ತಿ ತೊಂದರೆ ಕಂಕುಳಲ್ಲಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನಾನೂ ಬಹಳ ವರ್ಷ ತಪ್ಪು ತಿಳಿದಿದ್ದೆ. ಕೈ ಎತ್ತಿದರೆ ಕುರ್ತಾ ಮೇಲೆ ಬರುತ್ತದೆ ಅಂದರೆ ಬಿಗಿ ಇದೆ ಅಂದುಕೊಂಡು ಒಂದು ಅಳತೆ ದೊಡ್ಡದು ತಗೊಳ್ಳುತ್ತೇವೆ. ಆದರೆ ತೋಳು ಕೂಡಿಸುವ ಸುತ್ತು ಕೆಳಗೆ ಇಳಿದಷ್ಟೂ ಕೈಯ ಜೊತೆ ಇಡೀ ಬಟ್ಟೆ ಏಳುತ್ತದೆ. ಆ ಸುತ್ತಿಗೆ ಇಲ್ಲಿನ ಟೇಲರುಗಳು ಮುಂಢಾ ಅನ್ನುತ್ತಾರೆ. ಅದು ಕಂಕುಳಿಗೆ ಹತ್ತಿರ ಇದ್ದರೆ ಕೈ ಸಲೀಸಾಗಿ ಆಡುತ್ತದೆ, ಬಟ್ಟೆ ಇದ್ದಲ್ಲೇ ಇರುತ್ತದೆ. ದೊಡ್ಡ ಅಳತೆಯಲ್ಲಿ ಮುಂಢಾ ಇನ್ನೂ ಕೆಳಗಿರುತ್ತದೆ. ಅಂದರೆ ದುಡ್ಡು ಕೊಟ್ಟು ತೊಂದರೆ ಹೆಚ್ಚು ಮಾಡಿಕೊಂಡ ಹಾಗೆ.

ಅಂದಿನಿಂದ ಯಾವುದೇ ಅಂಗಡಿಯ ಟ್ರಯಲ್ ರೂಮಿನಲ್ಲಿ ನಾನು ಮೊದಲು ಕನ್ನಡಿ ನೋಡುವುದಿಲ್ಲ. ಲೋಕಲ್ಲಿನ ಹಿಡಿಕೆ ಹಿಡಿದ ಹಾಗೆ ಬಲಗೈ ಮೇಲೆತ್ತುತ್ತೇನೆ. ಆಮೇಲೆ ಕೂರುತ್ತೇನೆ, ಬಾಗುತ್ತೇನೆ. ಬಟ್ಟೆಯ ತುದಿ ಮುಷ್ಟಿಯಲ್ಲಿ ಹಿಡಿದು ಹತ್ತು ಎಣಿಸಿ ಬಿಡುತ್ತೇನೆ. ಸುಕ್ಕು ಹಾಗೇ ನಿಂತರೆ ಅದು ಆಫೀಸು ಮುಟ್ಟುವ ಹೊತ್ತಿಗೆ ಏನಾಗುತ್ತದೆ ಅಂತ ಗೊತ್ತಾಗುತ್ತದೆ. ಒಳಗೆ ತಿರುವಿ ಹೊಲಿಗೆ ಪಕ್ಕ ಎಷ್ಟು ಬಟ್ಟೆ ಬಿಟ್ಟಿದ್ದಾರೆ ನೋಡುತ್ತೇನೆ. ಬಿಟ್ಟಿದ್ದರೆ ಮುಂದೆ ಬಿಚ್ಚಿ ದೊಡ್ಡದು ಮಾಡಬಹುದು. ಇಲ್ಲದಿದ್ದರೆ ಮೈ ಬದಲಾದ ದಿನ ಆ ಬಟ್ಟೆ ಮುಗಿಯಿತು.

ಹೊಲಿಸುವುದೇ ಜಾಸ್ತಿಯಾಯಿತು. ಮಂಗಲದಾಸ್ ಮಾರ್ಕೆಟ್ಟಿನಿಂದ ಎರಡೂವರೆ ಮೀಟರ್ ಕಾಟನ್ ತಂದು ರಾತ್ರಿ ನೀರಲ್ಲಿ ನೆನೆಹಾಕಿ, ಒಣಗಿಸಿಯೇ ಟೇಲರಿಗೆ ಕೊಡುವುದು. ಕಾಟನ್ ಕುಗ್ಗುವುದಿದ್ದರೆ ಮೊದಲೇ ಕುಗ್ಗಲಿ. ಜೊತೆಗೆ ಆ ಒಂಬತ್ತರಲ್ಲಿನ ಒಂದು ಕುರ್ತಾ ಅಳತೆಗೆ. ಊರಿಂದ ಗುಳೇದಗುಡ್ಡದ ಖಣ ಬಂದರೆ ಇಡೀ ಕುರ್ತಾ ಆಗುವುದಿಲ್ಲ, ಅದರ ಪನ್ನಾ, ಅಂದರೆ ಅಗಲ, ಕಡಿಮೆ. ಎದೆಯ ಭಾಗಕ್ಕೆ, ತೋಳಿನ ಅಂಚಿಗೆ ಹಾಕಿಸುತ್ತೇನೆ. ಇದು ನನ್ನ ಗುರುತೇ ಆಗಿಬಿಟ್ಟಿದೆ ಅಂತ ಗೆಳತಿಯರು ಹೇಳುತ್ತಾರೆ. ನನಗೆ ಖುಷಿ.

ಐವತ್ತು ದಾಟಿದ ಮೇಲೆ ಮತ್ತೆ ಎಲ್ಲ ಬದಲಾಯಿತು. ಮೈ ಬಿಸಿಯೇರುವುದು ಶುರುವಾಯಿತು. ಸಿಂಥೆಟಿಕ್ ಒಂದು ನಿಮಿಷ ತಡೆಯಲಾಗುತ್ತಿರಲಿಲ್ಲ. ಎಡ ಭುಜ ಹಿಡಿದುಕೊಂಡು ಎಂಟು ತಿಂಗಳು ತಲೆಯ ಮೇಲಿಂದ ಏನೂ ಹಾಕಲಾಗಲಿಲ್ಲ. ಎಲ್ಲಾ ಕುರ್ತಾಗಳ ಮುಂದೆ ಪೂರ್ತಿ ಸೀಳಿಸಿ ಗುಂಡಿ ಇಡಿಸಿದೆ. ಭುಜ ವಾಸಿಯಾಯಿತು, ಗುಂಡಿಗಳನ್ನು ಹಾಗೇ ಬಿಟ್ಟೆ, ಚೆನ್ನಾಗಿವೆ. ಕೂದಲಿಗೆ ಬಣ್ಣ ಹಾಕುವುದನ್ನೂ ಆಗಲೇ ನಿಲ್ಲಿಸಿದೆ. ಸಂಘದ ಕಾರ್ಯಕ್ರಮಗಳಿಗೆ ಮತ್ತೆ ಇಳಕಲ್ ಉಡುತ್ತೇನೆ. ಈಗ ಗಾಡಿ ಹಿಡಿಯುವ ಅವಸರ ಇಲ್ಲವಲ್ಲ.

ಹೋದ ಚಳಿಗಾಲ ಧಾರವಾಡಕ್ಕೆ ಹೋಗಿದ್ದೆ. ಅವ್ವನಿಗೆ ಎಂಬತ್ತೆರಡು. ಬೆರಳು ನಡುಗುತ್ತವೆ, ಕುಪ್ಪಸದ ಹುಕ್ಕು ಕೂಡುವುದಿಲ್ಲ. ಪಕ್ಕದವರು ಬಂದು ಹಾಕಿಕೊಡುವವರೆಗೆ ಬೆಳಗ್ಗೆ ಕಾಯುತ್ತಿದ್ದಳು, ನಮಗೆ ಹೇಳಿರಲೇ ಇಲ್ಲ. ಸಂಕಟವಾಯಿತು. ಅವಳದೇ ಹಳೇ ಮಷಿನ್ ತೆಗೆದು, ಆರು ಕುಪ್ಪಸಗಳ ಹುಕ್ಕು ಬಿಚ್ಚಿ ವೆಲ್ಕ್ರೋ ಪಟ್ಟಿ ಹೊಲಿದೆ. ಹೊರಗಿನಿಂದ ನೋಡಿದರೆ ಗೊತ್ತಾಗಬಾರದು ಅಂತ ಮೇಲೆ ಹುಕ್ಕಿನ ಸಾಲನ್ನು ಹಾಗೇ ಕೂಡಿಸಿದೆ. ಮೊದಲನೆಯದನ್ನು ತಾನೇ ಹಾಕಿಕೊಂಡು ಬಂದು ನಿಂತಳು.

'ಕೈ ಎತ್ತು ಅವ್ವಾ' ಅಂದೆ.

ಎತ್ತಿದಳು. ಇನ್ನೊಂದು ಕೈಯಿಂದ ಕಂಕುಳ ಹತ್ತಿರ ಮುಟ್ಟಿ ನೋಡಿಕೊಂಡಳು.

'ಇಲ್ಲೆ ಸ್ವಲ್ಪ ಹಿಡೀತದ.'

ತಿರುವಿ ನೋಡಿದೆ. ಯಾವ ಕಾಲದಲ್ಲೋ ಅವಳೇ ಹೊಲಿದ ಕುಪ್ಪಸ. ಒಳಗೆ ಅರ್ಧ ಇಂಚು ಬಿಟ್ಟಿದ್ದಳು. ಬಿಚ್ಚಿಕೊಟ್ಟೆ.