ಡೆಪ್ಯುಟೇಶನ್‌ಗೆ ಹೊರಟಿದ್ದೀರಾ? ಸಂಬಳದ ಲೆಕ್ಕ ಮೊದಲು ನೋಡಿ

ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸಂಬಳದ ಬಿಲ್ ನೋಡುತ್ತೇನೆ. ಡೆಪ್ಯುಟೇಶನ್ (ಸ್ವಂತ ಇಲಾಖೆ ಬಿಟ್ಟು ಸ್ವಲ್ಪ ಕಾಲ ಬೇರೆ ಕಚೇರಿಯಲ್ಲಿ ಕೆಲಸ) ಆದೇಶ ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ‘ಜಾಸ್ತಿ ಎಷ್ಟು ಬರುತ್ತೆ?’

ನಿಮ್ಮ ಮುಂದೆ ಎರಡು ದಾರಿ. ಹೊಸ ಹುದ್ದೆಯ ವೇತನ ಶ್ರೇಣಿಗೆ ಹೋಗಬಹುದು. ಇಲ್ಲವೇ ಈಗಿನ ಮೂಲ ವೇತನವನ್ನೇ ಇಟ್ಟುಕೊಂಡು ಡೆಪ್ಯುಟೇಶನ್ ಭತ್ಯೆ ಪಡೆಯಬಹುದು. 2017ರ ಆದೇಶದಂತೆ ಅದೇ ಊರಾದರೆ ಮೂಲ ವೇತನದ ಶೇ 5, ಆಗಿನ ಮಿತಿ 4,500 ರೂಪಾಯಿ. ಬೇರೆ ಊರಾದರೆ ಶೇ 10, ಆಗಿನ ಮಿತಿ 9,000. ತುಟ್ಟಿಭತ್ಯೆ ಶೇ 50ರಷ್ಟು ಏರಿದಾಗಲೆಲ್ಲ ಈ ಮಿತಿ ಶೇ 25 ಹೆಚ್ಚುತ್ತದೆ. ಮೂಲ ವೇತನ 60,000 ಇದ್ದವರು ಬೆಂಗಳೂರಿನಲ್ಲೇ ಇನ್ನೊಂದು ಕಚೇರಿಗೆ ಹೋದರೆ 3,000. ದೆಹಲಿಗೆ ಹೋದರೆ 6,000.

ಸೇರಿದ ಒಂದು ತಿಂಗಳೊಳಗೆ ಆಯ್ಕೆಯನ್ನು ಬರೆದು ಕೊಡಿ. ಸಾಮಾನ್ಯವಾಗಿ ಅದೇ ಅಂತಿಮ. ಹಾಗಾಗಿ ಸುಮ್ನೆ ಸಹಿ ಹಾಕಬೇಡಿ, ಎರಡೂ ಲೆಕ್ಕ ಕಾಗದದ ಮೇಲೆ ಹಾಕಿ ನೋಡಿ.

ಹೊರಡುವ ಮುನ್ನ ಎಲ್‌ಪಿಸಿ (ಕೊನೆಯ ಸಂಬಳದ ಪ್ರಮಾಣಪತ್ರ) ತೆಗೆದುಕೊಳ್ಳಿ. ಅದಿಲ್ಲದೆ ಹೊಸ ಕಚೇರಿಯಲ್ಲಿ ಮೊದಲ ಸಂಬಳವೇ ನಿಂತುಬಿಡುತ್ತದೆ.

ಸ್ವಾಯತ್ತ ಸಂಸ್ಥೆಗೆ ಹೋಗುವವರು ಇನ್ನೊಂದನ್ನು ಗಟ್ಟಿಯಾಗಿ ಹಿಡಿಯಬೇಕು: ನಿಮ್ಮ ರಜೆ ಸಂಬಳ ಮತ್ತು ಪಿಂಚಣಿಗಾಗಿ ಸರ್ಕಾರಕ್ಕೆ ಕಟ್ಟಬೇಕಾದ ವಂತಿಗೆ. ಅದನ್ನು ಯಾರು ಕಟ್ಟುತ್ತಾರೆ ಎಂಬುದು ಆದೇಶದ ಷರತ್ತಿನಲ್ಲೇ ಇರಲಿ. ಕಟ್ಟುವುದು ತಡವಾದರೆ ಬಡ್ಡಿ ಬೀಳುತ್ತದೆ. ನಿವೃತ್ತಿಯ ಹೊತ್ತಿಗೆ ಹಳೆಯ ಚಲನ್ ಹುಡುಕುವ ಕಷ್ಟ ಯಾರಿಗೂ ಬೇಡ. ವರ್ಷಕ್ಕೊಮ್ಮೆ ಚಲನ್‌ನ ಪ್ರತಿ ಕೇಳಿ ಪಡೆದು ನಿಮ್ಮ ಕಡತದಲ್ಲೇ ಇಟ್ಟುಕೊಳ್ಳಿ.