ಡ್ರಿಪ್ ಸ್ಟ್ಯಾಂಡಿಗೆ ಕಟ್ಟಿದ ಫೋನು: ನನ್ನ ಅನುಭವ

ಮಡಿಕೇರಿಯ ಬಳಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುವ ನಾನು, 2020ರ ಮಾರ್ಚ್ ಲಾಕ್‌ಡೌನ್‌ವರೆಗೆ ಕಪ್ಪುಹಲಗೆ, ಚಾರ್ಟು, ಮ್ಯಾನಿಕಿನ್ ಎಂಬ ಅಭ್ಯಾಸದ ಗೊಂಬೆಗಳನ್ನು ಬಿಟ್ಟು ಬೇರೇನನ್ನೂ ತರಗತಿಗೆ ಒಯ್ದವಳಲ್ಲ. ವಾರ್ಡಿನಲ್ಲಿ ರೋಗಿಗೆ ದ್ರವವನ್ನು ಅಳೆದು ಹರಿಸುವ ಇನ್ಫ್ಯೂಷನ್ ಪಂಪನ್ನು ಅಳುಕಿಲ್ಲದೆ ನಡೆಸುತ್ತಿದ್ದ ನನಗೆ ಮಕ್ಕಳೆದುರು ಲ್ಯಾಪ್‌ಟಾಪ್ ತೆರೆಯುವ ಯೋಚನೆಗೇ ಕೈ ತಡವರಿಸುತ್ತಿತ್ತು. ಗೊತ್ತಿಲ್ಲದವಳಂತೆ ಅವರ ಮುಂದೆ ನಿಲ್ಲಬೇಕಾದೀತು ಎಂಬುದೇ ನನ್ನ ಭಯವಾಗಿತ್ತು. ಅದಕ್ಕೆ ಮುಂಚೆ ಒಂದು ಕಾರ್ಯಾಗಾರಕ್ಕೂ ಹೋಗಿದ್ದೆ. ಒಂದೇ ದಿನದಲ್ಲಿ ಹತ್ತಾರು ಆ್ಯಪ್‌ಗಳನ್ನು ತೋರಿಸಿದ್ದರು, ಮನೆ ಸೇರುವಷ್ಟರಲ್ಲಿ ಒಂದೂ ನೆನಪಿರಲಿಲ್ಲ.

ಆನ್‌ಲೈನ್ ಪಾಠ ಶುರುವಾದ ಮೇಲೆ ಜೂನ್ ತಿಂಗಳ ಮಳೆ ಹಿಡಿಯಿತು. ಕರೆಂಟು ಹೋದರೆ ಅದರ ಹಿಂದೆಯೇ ಸಿಗ್ನಲ್ಲೂ ಹೋಗುತ್ತಿತ್ತು, ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿದ್ದ ಒಬ್ಬ ವಿದ್ಯಾರ್ಥಿನಿಯಂತೂ ಕೊಡೆ ಹಿಡಿದು ದಿಣ್ಣೆ ಹತ್ತಿ ಪಾಠ ಕೇಳುತ್ತಿದ್ದಳು. ಆದ್ದರಿಂದ ನೇರ ತರಗತಿಯನ್ನೇ ನೆಚ್ಚಿಕೊಳ್ಳದೆ, ಸಿಗ್ನಲ್ ಸಿಕ್ಕಾಗ ಇಳಿಸಿಕೊಂಡು ಎಷ್ಟು ಸಲವಾದರೂ ನೋಡಬಹುದಾದ ಚಿಕ್ಕ ವಿಡಿಯೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ನಿರ್ಧರಿಸಿದೆ.

ಮೊದಲನೆಯದು ಡ್ರಿಪ್ ಸಿದ್ಧಪಡಿಸುವ ವಿಧಾನ. ಲ್ಯಾಬಿನಲ್ಲಿ ಫೋನನ್ನು ಡ್ರಿಪ್ ಸ್ಟ್ಯಾಂಡಿಗೇ ಬ್ಯಾಂಡೇಜಿನಿಂದ ಕಟ್ಟಿ, ನನ್ನ ಕೈಗಳಷ್ಟೇ ಕಾಣುವಂತೆ ಹೊಂದಿಸಿಕೊಂಡೆ. ಬಾಟಲಿಗೆ ಡ್ರಿಪ್ ಸೆಟ್ಟಿನ ಚೂಪು ತುದಿಯಾದ ಸ್ಪೈಕ್ ಚುಚ್ಚಿ, ಹನಿ ಬೀಳುವ ಚೇಂಬರನ್ನು ಒತ್ತಿ ಅರ್ಧ ತುಂಬಿಸಿ, ಟ್ಯೂಬಿನ ಗಾಳಿ ತೆಗೆದು, 500 ಮಿಲಿಲೀಟರ್ ದ್ರವ 4 ಗಂಟೆಗಳಲ್ಲಿ ಹೋಗಬೇಕಾದರೆ ಮಿಲಿಲೀಟರಿಗೆ 20 ಹನಿ ಬೀಳುವ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 42 ಹನಿ ಎಂಬ ಲೆಕ್ಕವನ್ನು ಗಡಿಯಾರ ಪಕ್ಕದಲ್ಲಿಟ್ಟು ಎಣಿಸಿ ತೋರಿಸಿದೆ. ಕಳಿಸುವ ಮುನ್ನ ನೋಡಿಕೊಂಡಾಗ, ಮುಚ್ಚಳ ತೆಗೆದ ಸ್ಪೈಕಿನ ತುದಿಗೆ ನನ್ನ ಹೆಬ್ಬೆರಳು ಸೋಕಿದ್ದು ಕಂಡಿತು. ಸೋಂಕು ತಗಲಬಹುದೆಂದು ಆ ಸೆಟ್ಟನ್ನು ಎಸೆದು ಹೊಸದನ್ನು ತೆರೆಯಬೇಕಾದಂಥ ತಪ್ಪು ಅದು. ಇನ್ನೊಮ್ಮೆ ಚಿತ್ರೀಕರಿಸಿದೆನಾದರೂ ಹಳೆಯದನ್ನು ಅಳಿಸಲು ಮನಸ್ಸಾಗಲಿಲ್ಲ. ಇದರಲ್ಲಿ ತಪ್ಪೆಲ್ಲಿದೆ ಹುಡುಕಿ ಎಂದು ಬರೆದು ಅದನ್ನೇ ಮೊದಲು ಕಳಿಸಿದೆ. "ಮೇಡಂ, ಮುಚ್ಚಳ ತೆಗೆದ ಕೂಡಲೇ ಬೆರಳು ತಾಗಿದೆ" ಎಂದು ರಾತ್ರಿಯೇ ಉತ್ತರ ಬಂತು, ಕಳಿಸಿದವಳು ದಿಣ್ಣೆ ಹತ್ತುತ್ತಿದ್ದ ಅದೇ ಹುಡುಗಿ. ಯಾವುದಕ್ಕೆ ಅಷ್ಟು ಹೆದರಿದ್ದೆನೋ ಅದೇ ನಡೆದಿತ್ತು, ಪಾಠ ಮಾತ್ರ ಹಿಂದೆಂದಿಗಿಂತ ಗಟ್ಟಿಯಾಗಿ ನಿಂತಿತ್ತು.

ತನ್ನಿಂದಾಗುತ್ತದೆ ಎಂಬ ನಂಬಿಕೆಗೆ ತಾನೇ ಮಾಡಿ ಪಡೆದ ಯಶಸ್ಸೇ ಎಲ್ಲಕ್ಕಿಂತ ಬಲವಾದ ಮೂಲವೆಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಬರೆದದ್ದನ್ನು ವರ್ಷಗಟ್ಟಲೆ ಪಾಠ ಹೇಳಿದ್ದೆ. ನನ್ನ ಮಟ್ಟಿಗೆ ಅದು ಅರ್ಥವಾದದ್ದು ಆ ರಾತ್ರಿ. ಈಗ ಹೊಸದಾಗಿ ಸೇರುವ ಬೋಧಕರಿಗೆ ಆ್ಯಪ್‌ಗಳ ಪಟ್ಟಿ ಕೊಡುವುದಿಲ್ಲ. ವಾರಕ್ಕೊಂದು ಗಂಟೆ ಲ್ಯಾಬಿನಲ್ಲಿ ಒಟ್ಟಿಗೆ ಕುಳಿತು ಒಬ್ಬೊಬ್ಬರೂ ಒಂದೊಂದು ವಿಧಾನವನ್ನು ಚಿತ್ರೀಕರಿಸುತ್ತೇವೆ, ಮತ್ತು ಮೊದಲು ಆಡಿಸಿ ನೋಡುವುದು ನನ್ನ ವಿಡಿಯೊವನ್ನೇ.