ಸೋರೋ ಕಿವಿಗೆ ಆಪರೇಷನ್: ನಾನು ಮಾಡೋ ರೀತಿ

ವರ್ಷಗಟ್ಟಲೆ ಕಿವಿ ಸೋರ್ತಿದೆ ಅಂತ ಬರೋರಿಗೆ ನಾನು ಮೊದಲು ಕೇಳೋದೇ ವಾಸನೆ ಬರುತ್ತಾ ಅಂತ. ನೆಗಡಿ ಆದಾಗೆಲ್ಲ ಲೋಳೆ ಲೋಳೆಯಾಗಿ ಜಾಸ್ತಿ ಸೋರಿ ಆಮೇಲೆ ಒಣಗಿದ್ರೆ ಸಾಮಾನ್ಯವಾಗಿ ತಮಟೇಲಿ ತೂತು ಇರುತ್ತೆ ಅಷ್ಟೇ, ಕಿವಿ ಮೇಲಿನ ಟೆಂಪೊರಾಲಿಸ್ ಸ್ನಾಯುವಿನ ಪೊರೆ ತಗೊಂಡು ತಮಟೆಯ ಒಳಮಗ್ಗುಲಿಗೆ ಕೂರಿಸ್ತೀನಿ. ಸ್ವಲ್ಪವೇ ಸೋರುತ್ತೆ ಆದ್ರೆ ಗಬ್ಬು ನಾತ ಅಂದ್ರೆ ಕೊಲೆಸ್ಟಿಯಟೋಮಾ ಇರಬಹುದು ಅಂತ ಹುಷಾರಾಗ್ತೀನಿ. ಕ್ಯಾನ್ಸರ್ ಅಲ್ಲ ಅದು, ಚರ್ಮ ಒಳಗೆ ಸೇರ್ಕೊಂಡು ಮೂಳೆ ತಿನ್ತಾ ಹೋಗೋದು, ಡ್ರಾಪ್ಸ್ ಹಾಕಿದ್ರೆ ಕೀವು ಕಮ್ಮಿ ಆಗಬಹುದು ಹೊರತು ಗಡ್ಡೆ ಹೋಗಲ್ಲ.

ಅಂಥವರಿಗೆ ಸಿಟಿ ಸ್ಕ್ಯಾನ್ ನೋಡ್ಕೊಂಡು ಕಿವಿ ಹಿಂದೆ ಕುಯ್ದು ಮಾಸ್ಟಾಯ್ಡ್ ಮೂಳೆ ಡ್ರಿಲ್ ಮಾಡ್ತೀನಿ, ಡ್ರಿಲ್ ಮೇಲೆ ಬಿಡೋ ನೀರು ಮಾತ್ರ ನಿಲ್ಲಿಸೋ ಹಾಗಿಲ್ಲ, ಬಿಸಿಗೆ ಮುಖದ ನರ ಸುಟ್ಟು ಹೋಗುತ್ತೆ. ಮೇಲೆ ಮೆದುಳಿನ ಪೊರೆ, ಹಿಂದೆ ದೊಡ್ಡ ರಕ್ತನಾಳ, ಮಧ್ಯದಲ್ಲಿ ನಮ್ಮ ದಾರಿ. ಆಂಟ್ರಮ್ ಅಂದ್ರೆ ಆ ಮೂಳೆಯೊಳಗಿನ ಗಾಳಿ ಗೂಡು ತೆರೆದು, ಒಳಗಿವಿಯಲ್ಲಿ ಸಮತೋಲನ ನೋಡ್ಕೊಳ್ಳೋ ಲ್ಯಾಟರಲ್ ಕೆನಾಲ್ ಕಂಡಾಗ ದಿಕ್ಕು ಸಿಗುತ್ತೆ, ಅದರ ಕೆಳಗೇ ಮುಖದ ನರ. ಅಲ್ಲಿಂದ ಡೈಮಂಡ್ ಬರ್ ಅನ್ನೋ ನಯವಾಗಿ ಉಜ್ಜೋ ಡ್ರಿಲ್ ತುದಿ ಮಾತ್ರ, ಅದೂ ನರಕ್ಕೆ ಅಡ್ಡಡ್ಡ ಅಲ್ಲ, ಅದರ ಉದ್ದಕ್ಕೆ.

ಆ ಕೆನಾಲ್ ಮೇಲೆ ಅಂಟಿರೋ ಗಡ್ಡೆಯ ಪೊರೆ ಕೊನೆಗೆ ಮುಟ್ತೀನಿ, ಅಡಿಯಲ್ಲಿ ಕೆನಾಲ್ ತೂತಾಗಿದ್ರೆ ಹಿಂದೆಮುಂದೆ ನೋಡದೆ ಎಳೆದ್ರೆ ಕೇಳಿಸೋದೇ ಪೂರ್ತಿ ಹೋಗಬಹುದು. ಶಬ್ದ ದಾಟಿಸೋ ಮೂಳೆಗಳಲ್ಲಿ ಕೊನೆಯದಾದ ಸ್ಟೇಪಿಸ್ ಮೇಲಿಂದ ಪೊರೆ ಬಿಡಿಸುವಾಗ ಹಿಂದಿನಿಂದ ಮುಂದಕ್ಕೆ, ಯಾಕಂದ್ರೆ ಹಿಂದಿರೋ ಸ್ಟೆಪೀಡಿಯಸ್ ಟೆಂಡನ್ ಆ ಪುಟ್ಟ ಮೂಳೆಯನ್ನ ಹಿಡ್ಕೊಂಡಿರುತ್ತೆ. ಸೈನಸ್ ಟಿಂಪನಿ ಅನ್ನೋ ಸಂದಿ ಮೈಕ್ರೋಸ್ಕೋಪಿಗೆ ಕಾಣಲ್ಲ, ಉಳಿದ್ರೆ ಮತ್ತೆ ಬೆಳೆಯುತ್ತೆ, ಅದಕ್ಕೇ 30 ಇಲ್ಲಾ 45 ಡಿಗ್ರಿ ಎಂಡೋಸ್ಕೋಪ್ ಹಾಕಿ ನೋಡದೆ ನಾನು ಮುಗಿಸೋದಿಲ್ಲ.

ಕಿವಿ ನಾಳದ ಹಿಂದಿನ ಗೋಡೆ ಉಳಿಸ್ಬೇಕಾ ತೆಗೀಬೇಕಾ ಅನ್ನೋದು ದೊಡ್ಡ ಚರ್ಚೆ. ಉಳಿಸಿದ್ರೆ ಕಿವಿಗೆ ನೀರು ಹೋದ್ರೆ ಆಗೋ ಕಾಟ ಕಮ್ಮಿ, ಆದ್ರೆ ಒಳಗೆ ಉಳಿದಿದ್ದು ಹೊರಗೆ ಕಾಣಲ್ಲ, ಸುಮಾರು ಒಂದು ವರ್ಷಕ್ಕೆ ಮತ್ತೆ ತೆರೆದು ನೋಡ್ಬೇಕು ಇಲ್ಲಾ ಉಳಿದ ಗಡ್ಡೆ ಹುಡುಕೋ ಡಿಫ್ಯೂಷನ್ ಎಂಆರ್‌ಐ ಸ್ಕ್ಯಾನ್ ಮಾಡಿಸ್ಬೇಕು. ಅದಕ್ಕೆ ಬರೋದು ಕಷ್ಟ ಅನ್ನೋರಿಗೆ ನಾನು ಗೋಡೆ ತೆಗೀತೀನಿ, ಆ ಕಿವೀನ ಆಗಾಗ ಕ್ಲೀನ್ ಮಾಡಿಸ್ತಿರಬೇಕು ಅಂತ ಮುಂಚೇನೇ ಹೇಳಿರ್ತೀನಿ.

ಇನ್ನೊಂದು ಮಾತೂ ಮುಂಚೇನೇ ಹೇಳ್ಬೇಕು, ರೋಗ ತೆಗೆದು ಕಿವಿ ಒಣಗಿಸೋದು ಮೊದಲು, ಕೇಳಿಸೋದು ಆಮೇಲೆ. ಶಬ್ದ ದಾಟಿಸೋ ನಡುವಿನ ಮೂಳೆ ಇಂಕಸ್‌ನ ತುದಿ ಕರಗಿ ಹೋಗಿರುತ್ತೆ ತುಂಬಾ ಜನರಲ್ಲಿ, ಜೋಡಿಸಬಹುದು, ಕೆಲವ್ರಲ್ಲಿ ಅದನ್ನ ಎರಡನೇ ಸಲಕ್ಕೆ ಇಟ್ಕೋತೀನಿ. ಮತ್ತೆ ನೋವಿಲ್ಲ ಅಂತ ಮುಂದಕ್ಕೆ ಹಾಕ್ಬೇಡಿ ದಯವಿಟ್ಟು, ಸೋರೋ ಕಿವಿ ಜೊತೆಗೆ ತಲೆ ಸುತ್ತು, ಬಾಯಿ ಸೊಟ್ಟ ಆಗೋದು, ಜ್ವರದ ಜೊತೆ ಜೋರು ತಲೆನೋವು ಇದ್ರಲ್ಲಿ ಯಾವುದು ಬಂದ್ರೂ ಅವತ್ತೇ ಆಸ್ಪತ್ರೆಗೆ ಹೋಗಿ.